ಥರ್ಜಾಳ ಗಂಡ ಕೆನಡಾಕ್ಕೆ ಹೋದದ್ದು

ಥರ್ಜಾಳನ್ನು ಮೊದಲು ಕಂಡಾಗ ಗಂಡ ಬಿಟ್ಟವಳೆಂದೇ ತಿಳಿದಿದ್ದೆ. ಮುದಿ ರಾಣಿ ತೀರಿಕೊಂಡ ಐದನೆಯ ವರ್ಷ ಡೆವನ್ ಎಂಬ ಇಂಗ್ಲಿಷ್ ಸೀಮೆಯ ಕರಾವಳಿಯ ಈ ಊರಿಗೆ ಮೇಷ್ಟ್ರಾಗಿ ಬಂದವನು ನಾನು. ಈ ಊರಿನ ಮೇಲೆ ಬಂದ ಪುಸ್ತಕವೊಂದನ್ನು ಓದಿಯೇ ಊರನ್ನು ಅರಿತುಬಿಟ್ಟೆನೆಂಬ ಜಂಬ ಬೇರೆ. ಬಂಗಡೆ ಸೀಳುತ್ತಿದ್ದವಳ ಎದುರು ನಿಂತು, "ಧೈರ್ಯ ತಂದ್ಕೊಳ್ಳಿ ಅಮ್ಮಾ, ಕೆನಡಾದಿಂದ ಇವತ್ತಲ್ಲ ನಾಳೆ ಕಾಗದ ಬರುತ್ತೆ" ಎಂದೆ.

"ಮೀನು ಬೇಕಾ ಮೇಷ್ಟ್ರೇ? ಬೇಡಾಂದ್ರೆ ಬೆಳಕು ಬಿಡಿ."

ಅವಳ ಗಂಡ ಎಲೈ ಹ್ಯಾನಫರ್ಡ್ ಹಿಂದಿನ ಚಳಿಗಾಲ ಒಬ್ಬನೇ ಬಲೆ ಎತ್ತಲು ಹೋಗಿದ್ದ. ಮೂರನೆಯ ದಿನ ದೋಣಿ ಮಗುಚಿಕೊಂಡು ದಡಕ್ಕೆ ಬಂತು, ಅವನು ಬರಲಿಲ್ಲ. ಹೊರಟ ಬೆಳಿಗ್ಗೆ ದೋಣಿಗೆ ಕೈ ಹಚ್ಚಿ ನೀರಿಗೆ ನೂಕಿದವನು ಅವಳ ಮಹಡಿ ಕೋಣೆಯ ಬಾಡಿಗೆದಾರ, ಲೇಖಕ ಕ್ವಿಲ್ಟರ್. ಎಲೈ ಹೊರಟದ್ದನ್ನು ಬೇರೆ ಯಾರೂ ಕಂಡಿರಲಿಲ್ಲ. ಎರಡು ವರ್ಷ ಅವಳ ಕೈಯಡುಗೆ ತಿಂದು ಆತ ಬರೆದ ಆ ಪುಸ್ತಕದಲ್ಲಿ ಕಥೆ ಹೇಳುವ 'ನಾನು' ಬೆಸ್ತರ ಹುಡುಗ, ಎಲೈ ಅವನ ಅಣ್ಣ. ಮುಳುಗಿ ಸಾಯುವುದು ಸಪ್ಪೆಯೆನಿಸಿರಬೇಕು. ಅಣ್ಣ ಹೆಂಡತಿಯ ಕಾಟ ತಾಳದೆ ಹಡಗು ಹತ್ತಿ ಕೆನಡಾ ಸೇರುತ್ತಾನೆ. ಹೆಸರುಗಳನ್ನು ಬದಲಿಸುವ ಶ್ರಮವನ್ನೂ ಲೇಖಕರು ತೆಗೆದುಕೊಂಡಿರಲಿಲ್ಲ.

ನಮ್ಮ ಚರ್ಚಿನ ಗೋಡೆಯಲ್ಲಿ ಸಮುದ್ರದ ಪಾಲಾದವರ ಹೆಸರಿನ ಹಲಗೆಯಿದೆ. ಹೆಣ ಸಿಗದವನ ಹೆಸರನ್ನು ವರ್ಷ ತುಂಬಿದ ಮೇಲೆ ಬರೆಸುವುದು ವಾಡಿಕೆ. ಅವನಿಗೆ ಅದೇ ಸಮಾಧಿ. ಎಲೈಯ ಸರದಿ ಬರುವ ಹೊತ್ತಿಗೆ ಪಾದ್ರಿಗಳು ಪುಸ್ತಕ ಓದಿ ಮುಗಿಸಿದ್ದರು.

"ಬದುಕಿರೋನ ಹೆಸರು ಬರೆಸಿದ್ರೆ ದೇವರಿಗೆ ಏನು ಹೇಳ್ಲಮ್ಮಾ? ಕ್ವಿಲ್ಟರ್ ಬಂದು ಒಂದು ಮಾತು ಹೇಳ್ಲಿ."

ಥರ್ಜಾ ಮಹಡಿ ಹತ್ತಿದಳು. ಸಾಕ್ಷಿಗೆಂದು ನಾನೂ ಹೋದೆ.

"ಅದು ಸುಳ್ಳು ಅಂತ ಪಾದ್ರಿಗಳಿಗೆ ಹೇಳಿ ಸ್ವಾಮಿ."

"ಸುಳ್ಳಲ್ಲಮ್ಮಾ," ಎಂದ ಕ್ವಿಲ್ಟರ್. "ಅರ್ಧ ಆತ್ಮಚರಿತ್ರೆ, ಅರ್ಧ ಕಲ್ಪನೆ. ಇಂಥದ್ದಕ್ಕೆ ಇಂಗ್ಲಿಷಲ್ಲಿ ಹೆಸರೇ ಇರ್ಲಿಲ್ಲ. ಎರಡು ಪದ ಬೆಸೆದು ನಾನೇ ಒಂದು ಕಟ್ಟಿದೀನಿ. ಮುಂದಿನ ತಿಂಗಳ ಪತ್ರಿಕೇಲಿ ಬರುತ್ತೆ."

"ನನ್ನ ಗಂಡ ಯಾವ ಅರ್ಧದಲ್ಲಿದಾನೆ? ಅಷ್ಟು ಹೇಳಿ ಸಾಕು."

"ಹಾಗೆ ಬಿಡಿಸಿಟ್ರೆ ಪದ ಬೆಸೆದು ಏನು ಪ್ರಯೋಜನ?"

ಎಂಥ ಮಾತು ಎಂದು ನಾನು ತಲೆದೂಗಿದೆನೆಂಬುದನ್ನು ಇಲ್ಲಿ ಮುಚ್ಚಿಡಬಾರದು.

ಪದ ಅಚ್ಚಾಯಿತು. ಕ್ವಿಲ್ಟರ್ ಅದರ ಮೇಲೆ ಭಾಷಣ ಮಾಡಲು ಲಂಡನ್ನಿಗೆ ಹೋದ. ಈಸ್ಟರಿನ ಹೊತ್ತಿಗೆ ಹಲಗೆಯ ಕೊನೆಯ ಸಾಲಿಗೆ ಬೇರೊಬ್ಬನ ಹೆಸರು ಏರಿ ಜಾಗ ಮುಗಿಯಿತು. ಮೀನುಕಟ್ಟೆಯ ಹೆಂಗಸರು, "ಏನೇ ಥರ್ಜಾ, ನಿನ್ನ ಗಂಡ ಅಲ್ಲೊಬ್ಬಳನ್ನ ಕಟ್ಕೊಂಡನಂತಾ?" ಎಂದು ಕೇಳುವರು. ಅವಳು ವಿಧವೆಯ ಕರಿ ಬಟ್ಟೆ ತೊಟ್ಟರೂ ನಗುವರು, ಬಿಟ್ಟರೂ ನಗುವರು.

ಒಂದು ದಿನ ಸಮಾಧಾನ ಹೇಳಲು ಹೋಗಿ, ಬೇರೇನೂ ತೋಚದೆ, "ಎಲೈ ಆ ಪುಸ್ತಕ ಓದಿದ್ದಿದ್ರೆ ಏನಂತಿದ್ದ?" ಎಂದು ಕೇಳಿದೆ.

"ಅವನಿಗೆ ಓದಕ್ಕೆ ಬರ್ತಿರ್ಲಿಲ್ಲ ಮೇಷ್ಟ್ರೇ," ಎಂದಳು. "ಈಜಕ್ಕೂ ಬರ್ತಿರ್ಲಿಲ್ಲ."