ಚಿಗವ್ವನ ಒಡ್ಡಿಗೊಂದು ಸಾಕ್ಷಿ

"ಒಡೆದ ಒಡ್ಡು ಎಲ್ಲಿದೆಯಮ್ಮಾ?" ಎಂದು ಕೇಳಿದರು ಸಾಹೇಬರು.

"ಕಟ್ಟೇವಲ್ರಿ!" ಎಂದಳು ನಮ್ಮ ಚಿಗವ್ವ, ಹೆಮ್ಮೆಯಿಂದ.

ಅಲ್ಲಿಗೆ ಕೆಲಸ ಕೆಟ್ಟಿತು.

ಹೋದ ವಾರದ ಮಾತಿದು. ಬೈಲಹೊಂಗಲದಲ್ಲಿ ಸವದತ್ತಿ ಬಸ್ಸು ಹಿಡಿದು ಚಿಗವ್ವನ ಊರಿಗೆ ಹೋಗಿದ್ದೆ. (ಚಿಗವ್ವ ಎಂದರೆ ಗಂಗವ್ವ, ನನ್ನ ತಾಯಿಯ ತಂಗಿ. ಗಂಡನಿಲ್ಲ. ನಾಲ್ಕು ಹೆಣ್ಣುಮಕ್ಕಳು, ಒಂದಿಷ್ಟು ಎರೆಹೊಲ, ಇಡೀ ಊರಿಗೆ ಕೇಳಿಸುವ ದನಿ.) ಈ ಸಲದ ದೊಡ್ಡ ಮಳೆಗೆ ಅವಳ ಹೊಲದ ಒಡ್ಡು ಕಿತ್ತುಹೋಗಿ, ಮೇಲ್ಮಣ್ಣೆಲ್ಲ ಕೆಳಗಿನ ಹೊಲಕ್ಕೆ ಹರಿದಿತ್ತು. ಒಡ್ಡು ಒಡೆದವರಿಗೆ ಸರ್ಕಾರ ತುರ್ತು ನೆರವು ಕೊಡುತ್ತದೆಂದು ಊರಲ್ಲಿ ಡಂಗುರ ಸಾರಿದರು. ಫಾರಂ ತುಂಬಿದವನು ನಾನೇ.

ಹಾನಿ ನೋಡಲು ಬಂದ ಸಾಹೇಬರು ಮಂಡ್ಯದ ಕಡೆಯವರು. ಕೆಲಸಕ್ಕೆ ಹೊಸಬರು. ಅಳೆಯಲು ಟೇಪು ತಂದಿದ್ದರು. ಅಳೆಯುವುದೇನನ್ನು? ಒಡ್ಡು ನೆಟ್ಟಗೆ ನಿಂತಿತ್ತು, ಮೇಲೆ ಹುಲ್ಲು ಬೇರೆ ಚಿಗುರಿತ್ತು! ತಾಯಿ-ಮಕ್ಕಳು ಐವರೂ ಸೇರಿ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ್ದರು.

"ನಾವು ನೋಡೋ ತನಕ ಮುಟ್ಟಬಾರದಿತ್ತು ಕಣಮ್ಮಾ."

"ನಿಮ್ಮನ್ನ ಕಾಯ್ಕೋತ ಕುಂತಿದ್ರ ಉಳದ ಮಣ್ಣೂ ನವಿಲುತೀರ್ಥದ ಡ್ಯಾಮಿಗಿ ಹೋಗತಿತ್ರಿ. ಅಲ್ಲಿ ಹೋಗಿ ಜ್ವಾಳಾ ಬಿತ್ತಲೇನ್ರಿ?"

ಸಾಹೇಬರು ನಕ್ಕರು. ಪೆನ್ನು ಮಾತ್ರ ಜೇಬು ಬಿಟ್ಟು ಬರಲಿಲ್ಲ. "ಒಡೆದಿತ್ತು ಅನ್ನೋಕೆ ಸಾಕ್ಷಿ ಯಾರಿದ್ದಾರೆ?"

ಚಿಗವ್ವನ ಮುಖ ಸಣ್ಣದಾಯಿತು. ಹೆಚ್ಚಿನ ನೀರು ಹರಿದುಹೋಗಲು ಆ ನೆರವಿನ ಹಣದಲ್ಲಿ ಕಲ್ಲಿನ ಕೋಡಿ ಕಟ್ಟಿಸುವುದು ಬಾಕಿಯಿತ್ತು. ಅದಿಲ್ಲದಿದ್ದರೆ ಮುಂದಿನ ದೊಡ್ಡ ಮಳೆಗೆ ಒಡ್ಡು ಮತ್ತೆ ಹೋದಂತೆಯೇ.

ಮನೆಯವರನ್ನು ಬಿಟ್ಟರೆ ಕಣ್ಣಾರೆ ಕಂಡವನು ಒಬ್ಬನೇ. ಕೆಳಗಿನ ಹೊಲದ ಫಕೀರಪ್ಪ. ಅವನಿಗೂ ಚಿಗವ್ವನಿಗೂ ಮಾತು ನಿಂತು ಆರು ವರ್ಷ. ಒಡ್ಡಿನ ಮೇಲಿನ ಬೇವಿನ ಮರದ ನೆರಳು ಯಾರ ಹೊಲಕ್ಕೆ ಬೀಳಬೇಕೆಂದು ಜಗಳ! (ನೆರಳು ಯಾರ ಮಾತು ಕೇಳುತ್ತದೆ?) ಸಾಲದ್ದಕ್ಕೆ, ಹರಿದುಬಂದ ಮಣ್ಣನ್ನು 'ಮಳೆರಾಯ ನನಗ ಕೊಟ್ಟದ್ದು' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅಂಥವನು ಬಾಯಿ ಬಿಟ್ಟಾನೆ?

ಫಕೀರಪ್ಪ ಎತ್ತು ನಿಲ್ಲಿಸಿ ಎಲ್ಲ ಕೇಳುತ್ತಿದ್ದ. ಮೆಲ್ಲಗೆ ಒಡ್ಡು ಹತ್ತಿ ಬಂದ.

"ಸಾಹೇಬ್ರ, ಒಂದೀಟ ಕೆಳಗ ಬರ್ರಿ."

ಎಲ್ಲರೂ ಇಳಿದೆವು. ಅವನು ತನ್ನ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಮಣ್ಣು ಕೆದರಿ, ಅಂಗೈ ಚಾಚಿದ. ಬಳೆಯ ಚೂರುಗಳು! ಹಸಿರು, ಕೆಂಪು, ಒಂದಕ್ಕೆ ಚಿನ್ನದ ಚುಕ್ಕಿ.

"ನಮ್ಮ ಮನ್ಯಾಗ ನಾವಿಬ್ರ ಅಣ್ಣತಮ್ಮ. ಇಬ್ರಿಗೂ ಲಗ್ನ ಆಗಿಲ್ಲ. ಬಳಿ ಯಾರ ಇಟ್ಕೋಬೇಕ್ರಿ? ಇವು ಅಕ್ಕನ ಹುಡಿಗ್ಯಾರ ಒಡದ ಬಳಿ, ತಿಪ್ಪಿ ಗೊಬ್ಬರದ ಕೂಡ ಅಕ್ಕನ ಹೊಲಕ್ಕ ಬಿದ್ದಂಥವು. ಮಣ್ಣು ಅಕ್ಕಂದು. ಒಡ್ಡು ಒಡದದ್ದು ಖರೇ."

ಚಿಗವ್ವನನ್ನು ಅಕ್ಕ ಎಂದ! ಆರು ವರ್ಷದ ಮೇಲೆ!

ಸಾಹೇಬರು ಚೂರುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಪೆನ್ನು ತೆಗೆದರು. ಫಕೀರಪ್ಪನ ಹೆಬ್ಬೆಟ್ಟು ಬಿತ್ತು.

"ನಾಳಿ ಬಂಡಿ ಹೂಡಿ ನಿನ್ನ ಮಣ್ಣು ತುಂಬ್ಕೊಂಡು ಹೋಗಬೇ" ಎಂದ ಫಕೀರಪ್ಪ, ನೆಲ ನೋಡುತ್ತ.

"ಅರ್ಧಾ ನೀನ ಇಟ್ಕೋ. ನಿನ್ನ ಹೊಲಾನೂ ಒಂದ ವರ್ಷ ಗೊಬ್ಬರದ ಮಾರಿ ನೋಡ್ಲಿ!"

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಫಕೀರಪ್ಪನೂ ನಕ್ಕ. ಚಿಗವ್ವ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ ಬಡಿಸಿದಳು. (ಸಾಹೇಬರ ಕಣ್ಣಲ್ಲಿ ಬಂದ ನೀರು ಆನಂದದ್ದಲ್ಲ, ಖಾರದ್ದು.)

ನೆರವು ಕೈಸೇರಲು ಇನ್ನೊಂದು ತಿಂಗಳಾದರೂ ಬೇಕು ಎಂದು ಹೇಳಿ ಸಾಹೇಬರು ಹೋದರು. ನಾನು ಬಸ್ಸಿಗೆ ಹೊರಡುವಷ್ಟರಲ್ಲಿ ಫಕೀರಪ್ಪನ ತಮ್ಮ ಕೋಡಿಗೆಂದು ಒಂದು ಬಂಡಿ ಕಲ್ಲು ತಂದು ಕೆಡವಿದ್ದ.

ಒಡ್ಡು ಇರುವುದು ಎರಡು ಹೊಲ ಬೇರೆ ಮಾಡಲಿಕ್ಕೆ ಎಂದು ನಮಗೆ ಹೇಳಿಕೊಟ್ಟವರು ಯಾರು?