ಡಿ ಡ್ರೈವ್‌ನಲ್ಲಿ ಸೇಫಾಗಿದ್ದ ಕಸೂತಿ

2025ರ ಕೊನೆಯ ಮಾತು. ವಿಂಡೋಸ್ ಹತ್ತಕ್ಕೆ ಮಾಮೂಲಿ ಅಪ್‌ಡೇಟ್ ನಿಂತು, ಹಳೆಯ ಕಂಪ್ಯೂಟರ್ ಇದ್ದವರೆಲ್ಲ ದಿಕ್ಕು ತೋಚದೆ ಕೂತಿದ್ದರು. ತುಮಕೂರಿನಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ನನಗೆ ಕೈತುಂಬ ಕೆಲಸ. ಹಳೆಯ ಮಷಿನ್‌ಗಳಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಡುತ್ತಿದ್ದೆ. ಕುಣಿಗಲ್‌ನ ಒಂದು ಟೈಪಿಂಗ್ ಶಾಲೆಯ ಕಂಪ್ಯೂಟರುಗಳನ್ನೆಲ್ಲ ಒಂದೇ ದಿನದಲ್ಲಿ ಬದಲಿಸಿ ಬಂದಿದ್ದೆ, ಸ್ವಲ್ಪ ಜಂಬವೂ ಏರಿತ್ತು.

ಆ ಜಂಬದಲ್ಲೇ ಗುಬ್ಬಿಗೆ ಹೋದೆ. ಅಲ್ಲಿ ನಸೀಮಾ ಅವರದು ಕಂಪ್ಯೂಟರ್ ಕಸೂತಿ ಅಂಗಡಿ. ಅವರ ಗಂಡ ರಹಮತ್ ಭಾಯ್ ಬಿಡಿಸಿದ ಡಿಸೈನ್‌ಗಳನ್ನು ಕಂಪ್ಯೂಟರ್‌ನಿಂದ ಯಂತ್ರಕ್ಕೆ ಕೊಟ್ಟರೆ ರವಿಕೆಯ ಮೇಲೆ ಹಾಗೇ ಮೂಡುತ್ತಿದ್ದವು. ಭಾಯ್‌ಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹೊಸದನ್ನು ಬಿಡಿಸುವಂತಿರಲಿಲ್ಲ. ಇದ್ದ ಡಿಸೈನ್‌ಗಳಲ್ಲೇ ಅಂಗಡಿ ನಡೆಯಬೇಕಿತ್ತು.

"ಬ್ಯಾಕಪ್ ತಗೊಂಡಿದೀರಾ ಅಕ್ಕ?" ಎಂದು ಕೇಳಿದೆ.

"ಎಲ್ಲಾ ಸೇಫಾಗ್ ಇಟ್ಟಿದೀನಿ. ನೀವ್ ಹಾಕಿ ಅಣ್ಣ," ಎಂದರು ನಸೀಮಾ.

ಹಾಕುವ ಮುಂಚೆ ಲಿನಕ್ಸ್, ಇಡೀ ಡಿಸ್ಕ್ ಅಳಿಸಲೇ ಎಂದು ಒಮ್ಮೆ ಕೇಳುತ್ತದೆ. ಯೋಚಿಸದೆ ಒಪ್ಪಿಗೆ ಒತ್ತಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಬ್ಯಾಕಪ್ ಇರುವ ಪೆನ್‌ಡ್ರೈವ್ ಕೊಡಿ ಎಂದು ಕೈ ಚಾಚಿದೆ.

"ಪೆನ್‌ಡ್ರೈವಾ? ಡಿ ಡ್ರೈವ್‌ನಲ್ಲಿ ಹಾಕಿದೀನಲ್ಲ! ಸಿ ಹೋದ್ರೂ ಡಿಗೆ ಏನೂ ಆಗಲ್ಲ ಅಂತ ಮುಂಚೆ ಬರ್ತಿದ್ದವ್ರು ಹೇಳಿದ್ರು."

ಇದು ನಮ್ಮ ಕಡೆಯ ರಿಪೇರಿಯವರೇ ಕಲಿಸಿದ ಪಾಠ. ಒಂದೇ ಹಾರ್ಡ್ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿ, ವಿಂಡೋಸ್ ಕೆಟ್ಟಾಗ ಸಿ ಮಾತ್ರ ಅಳಿಸುತ್ತಿದ್ದೆವು. ಎಷ್ಟೋ ಜನಕ್ಕೆ ನಾನೇ ಹಾಗೆ ಹೇಳಿದ್ದೆ. ಈಗ ಅಳಿಸಿದ್ದು ಎರಡನ್ನೂ. ಡಿಸ್ಕ್ ಮೊದಲೇ ಕೆಟ್ಟಿತ್ತು ಎಂದುಬಿಡಲೇ ಅನ್ನಿಸಿದ್ದೂ ನಿಜ.

"ಅಕ್ಕ, ಡಿನೂ ಅಳಿಸ್ಬಿಟ್ಟಿದೀನಿ," ಎಂದೆ.

ಅವರು ಭಾಯ್ ಮಲಗಿದ್ದ ಒಳಕೋಣೆಯ ಬಾಗಿಲ ಕಡೆ ನೋಡಿದರು. "ಅವ್ರಿಗ್ ಈಗ್ಲೇ ಹೇಳ್ಬೇಡಿ," ಎಂದಷ್ಟೇ ಹೇಳಿದರು.

ತಕ್ಷಣ ಕಂಪ್ಯೂಟರ್ ಆಫ್ ಮಾಡಿದೆ. ಅಳಿಸಿದ ಫೈಲಿನ ಜಾಗದಲ್ಲಿ ಬೇರೆಯದನ್ನು ಬರೆಯುವವರೆಗೂ ಅದು ಡಿಸ್ಕಿನಲ್ಲೇ ಉಳಿದಿರುತ್ತದೆ. ಲಿನಕ್ಸ್ ಎಷ್ಟನ್ನು ತುಳಿದಿದೆಯೋ ಗೊತ್ತಿರಲಿಲ್ಲ. ನನ್ನ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಚಾಲೂ ಮಾಡಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಎಳೆಯಲು ರಿಕವರಿ ಪ್ರೋಗ್ರಾಂ ಹಚ್ಚಿದೆ. ಮೂರು ಗಂಟೆ ಕಾದೆವು. ನಸೀಮಾ ಟೀ ತಂದಿಟ್ಟರು, ಇಬ್ಬರೂ ಮುಟ್ಟಲಿಲ್ಲ.

ಫೈಲುಗಳು ಬಂದವು, ಹೆಸರುಗಳು ಬರಲಿಲ್ಲ. ಬರೀ ನಂಬರು. ಮೊದಲ ಫೈಲು ತೆರೆಯಲೇ ಇಲ್ಲ. ಎರಡನೆಯದರಲ್ಲಿ ಒಂದು ಬಳ್ಳಿ ಮೂಡಿದಾಗ ಹಿಂದಿನಿಂದ ತೊದಲು ದನಿ ಕೇಳಿತು: "ಅಮೃತೂರು... ಮದ್ವೆ ರವ್ಕೆ."

ರಹಮತ್ ಭಾಯ್ ಕೋಲೂರಿಕೊಂಡು ಬಂದು ನಿಂತಿದ್ದರು. ಕುರ್ಚಿ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿಲ್ಲ. ಎಡಗೈಯಲ್ಲಿ ಪರದೆ ತೋರಿಸಿ, ಮುಂದಿನದು ಹಾಕಿ ಎಂದರು. ಒಂದೊಂದಕ್ಕೂ ಅವರು ಹೆಸರು ಹೇಳಿದರು, ನಸೀಮಾ ಟೈಪ್ ಮಾಡಿದರು. ಸಂಜೆಯವರೆಗೂ ಅದೇ ಕೆಲಸ. ಎಲ್ಲ ಮುಗಿದ ಮೇಲೂ ಭಾಯ್ ಏಳಲಿಲ್ಲ.

"ನವಿಲು?" ಎಂದರು. "ಮಗಳ್ ಮದ್ವೇದು."

"ಸಿಗ್ಲಿಲ್ಲ ಭಾಯ್," ಎಂದೆ. ಅವರ ಮುಖ ನೋಡಲಾಗಲಿಲ್ಲ.

"ತಪ್ಪು ನಂದೇ ಕಣಣ್ಣ. ಸೇಫಾಗಿದೆ ಅಂದವ್ಳು ನಾನೇ ಅಲ್ವಾ," ಎಂದರು ನಸೀಮಾ.

ಅಲ್ಲ. ಡಿ ಇರುವುದೂ ಅದೇ ಡಿಸ್ಕಿನಲ್ಲಿ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಈಗ ನಾನು ಯಾರನ್ನೂ ಬ್ಯಾಕಪ್ ಇದೆಯಾ ಎಂದು ಕೇಳುವುದಿಲ್ಲ. ತೋರಿಸಿ ಎನ್ನುತ್ತೇನೆ.