ದೇವಕಿ ಅಕ್ಕನ ಸಹಿ

ದೇವಕಿ ಅಕ್ಕನ ಎಡಗೈಯಲ್ಲಿ ಬಳೆ ಕಂಡವರಿಲ್ಲ. ಕೆಲಸದ ಹೊತ್ತಿನಲ್ಲಿ ಆ ಕೈಗೆ ಒಂದು ಕಪ್ಪು ಪಟ್ಟಿ. ಅದರಿಂದ ಹೊರಟ ತಂತಿ ಮೇಜಿನ ಕೆಳಗೆ ನೆಲಕ್ಕಿಳಿಯುತ್ತಿತ್ತು. ನಮ್ಮ ಮೈಯ ಅಷ್ಟಿಷ್ಟು ವಿದ್ಯುತ್ತು ತಾಗಿದರೂ ವಾಯರ್‌ಲೆಸ್ ಸೆಟ್ಟಿನ ಒಳಭಾಗ ಸುಡಬಹುದು; ಪಟ್ಟಿ ಅದನ್ನು ನೆಲಕ್ಕೆ ಹರಿಸಿಬಿಡುತ್ತದೆ. ಮದುವೆಮನೆಯಲ್ಲಿ ಯಾರಾದರೂ ಬರಿಗೈ ಎಂದು ಆಡಿಕೊಂಡರೆ, "ದಿನಾ ಬಳೆ ಹಾಕೂದು, ತೆಗೆಯೂದು. ಒಂದಿನ ತೆಗೆಯೂಕೆ ಮರೆತ್ರೆ ಎಂತ ಮಾಡೂದು?" ಎನ್ನುತ್ತಿದ್ದರು.

ಕುಮಟಾದ ಹೊರಗಿರುವ ನಮ್ಮ ಸಣ್ಣ ಕಾರ್ಖಾನೆ ಸೇನೆಗೆ ವಾಯರ್‌ಲೆಸ್ ಸೆಟ್ ತಯಾರಿಸುತ್ತದೆ. ಸೆಟ್ಟು ಎಷ್ಟು ಬಲವಾಗಿ ಅಲೆ ಕಳಿಸುತ್ತದೆಂದು ಮೀಟರಿನಲ್ಲಿ ನೋಡಿ ಅಕ್ಕ ಸಹಿ ಹಾಕಿದ ಮೇಲೆಯೇ ಅದು ಪೆಟ್ಟಿಗೆ ಸೇರುವುದು. ಮಾವಿನಕುರ್ವೆಯ ಮೀನುಗಾರರ ಮನೆಯವರು; ಐಟಿಐ ಕಲಿತು ಬಂದು ಅದೇ ಬೆಂಚಿನಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು. ಭಟ್ಕಳದಿಂದ ಡಿಪ್ಲೊಮಾ ಮುಗಿಸಿ ಬಂದ ನನ್ನನ್ನು ಅವರ ಪಕ್ಕ ಕೂರಿಸಿದರು. ಮೊದಲ ವಾರ ನಾನು, "ಸುಮಾರು ಸರಿ ಇದೆ ಅಕ್ಕ" ಎಂದಿದ್ದೆ.

"ಸುಮಾರು ಅಂದ್ರೆ ಎಂತದೇ? ಗುಡ್ಡದ ಮೇಲೆ ನಿಂತವ ಕರೆದದ್ದು ಸುಮಾರು ಕೇಳಿದ್ರೆ ಸಾಕಾ?"

ಮೂರನೆಯ ವರ್ಷ ಒಂದು ಬೆಳಿಗ್ಗೆ ಬೆಂಚಿನ ಹಳೆಯ ಕೇಬಲ್ ಸವೆದಿದೆಯೆಂದು ನಾನು ಹೊಸದನ್ನು ಜೋಡಿಸಿದೆ. ಕೇಬಲ್ಲಿನಲ್ಲಿ ಸೋರಿಹೋಗುವ ಶಕ್ತಿಯನ್ನು, ನಾವು ಕೊಟ್ಟಿಟ್ಟ ಅಂಕಿಯ ಪ್ರಕಾರ, ಮೀಟರ್ ತಾನೇ ಕೂಡಿಸಿ ತೋರಿಸುತ್ತದೆ. ಹೊಸ ಕೇಬಲ್ಲಿನಲ್ಲಿ ಸೋರಿಕೆ ಕಡಿಮೆ. ನಾನು ಮೀಟರಿನ ಹಳೆಯ ಅಂಕಿ ಬದಲಿಸಲು ಮರೆತೆ. ಮೂರು ದಿನ ಪ್ರತಿ ಸೆಟ್ಟೂ ಇರುವುದಕ್ಕಿಂತ ಬಲಶಾಲಿಯಾಗಿ ಕಂಡಿತು. ನಾಲ್ಕನೆಯ ದಿನ ಅಕ್ಕನಿಗೇ ಗೊತ್ತಾಯಿತು. ಹೊರಗೆ ಲಾರಿ ತುಂಬಿ ನಿಂತಿತ್ತು.

"ಕೇಬಲ್ ಹಾಕಿದ್ದು ನಾನು" ಎಂದೆ.

"ಹಾಕಿದ್ದು ನೀನು. ಅಂಕಿ ನೋಡ್ದೇ ಸಹಿ ಮಾಡಿದ್ದು ನಾನು. ಬಾ."

ಮ್ಯಾನೇಜರರ ಕೋಣೆಯಲ್ಲಿ ಅಕ್ಕ ನನ್ನ ಹೆಸರನ್ನು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಪೆಟ್ಟಿಗೆಗಳು ಇಳಿದವು, ಎಲ್ಲವನ್ನೂ ಮತ್ತೆ ಪರೀಕ್ಷಿಸಿದೆವು. ಏಳು ಸೆಟ್ಟು ದುರ್ಬಲವಾಗಿದ್ದವು. ಆ ವರ್ಷ ಅಕ್ಕನಿಗೆ ಸಿಗಬೇಕಿದ್ದ ಮೇಲ್ವಿಚಾರಕರ ಹುದ್ದೆ ಬೇರೆಯವರ ಪಾಲಾಯಿತು. ಅವರು ಅದರ ಮಾತೆತ್ತಲೇ ಇಲ್ಲ. ನನಗೆ ಕಲಿಸುವುದನ್ನೂ ನಿಲ್ಲಿಸಲಿಲ್ಲ.

ಹೋದ ವರ್ಷ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದಾಯಿತು. ಮಾವಿನಕುರ್ವೆಯ ಮನೆಗೆ ಹೋದೆ. ಜಗಲಿಯಲ್ಲಿ ಮಲಗಿದ್ದರು. ಗಂಜಿ ತಂದಿಟ್ಟು ಅವರ ತಂಗಿ ಒಳಗೆ ಹೋದ ಮೇಲೆ ಕೇಳಿದೆ:

"ಅಕ್ಕ, ಅವತ್ತು ನಾನು ಸುಮ್ಮನೆ ನಿಂತೆ. ಬೇಜಾರಾಗಿತ್ತಾ?"

"ಆಗಿತ್ತು. ಈಗ ಹೇಳ್ತಿ, ಈಗ ಹೇಳ್ತಿ ಅಂತ ನಿನ್ನ ಮುಖ ನೋಡ್ತಾ ನಿಂತಿದ್ದೆ" ಎಂದರು. ನಾನು ಅಳತೊಡಗಿದೆ. ನನ್ನ ಕೈ ಹಿಡಿದು, "ಆತು ಬಿಡು. ಗಂಜಿ ಆರ್ತದೆ, ಕುಡ್ಸು" ಎಂದರು.

ಮರುದಿನ ಮ್ಯಾನೇಜರರ ಎದುರು ನಿಂತು ಎಲ್ಲವನ್ನೂ ಹೇಳಿದೆ. "ಈಗ ಯಾಕಮ್ಮ ಅದೆಲ್ಲ?" ಎಂದು ಅವರು ತಲೆ ತಗ್ಗಿಸಿ ಕಾಗದ ನೋಡತೊಡಗಿದರು.

ಭಾನುವಾರ ಹೋಗಿ ಅಕ್ಕನಿಗೆ ತಿಳಿಸಬೇಕೆಂದಿದ್ದೆ. ಶನಿವಾರ ಮಧ್ಯಾಹ್ನವೇ ಅವರು ತೀರಿಕೊಂಡರು.